ಮಂಡಕ್ಕಿಯ ಕೊರಳಿಗೆ ಲಾಳಿಕೆ

ಹೊಲಿಗೆ ಬಿಚ್ಚಿದ್ದು ನಾಯಿ. ಬಿಚ್ಚಲು ದಾರಿ ಮಾಡಿಕೊಟ್ಟಿದ್ದು ನಾನು. ಎರಡು ವರ್ಷ ಆದರೂ ಇದು ತಲೆಯಿಂದ ಹೋಗಿಲ್ಲ. ದೊಡ್ಡ ಅನಾಹುತವೇನೂ ಆಗಲಿಲ್ಲ. ಎರಡು ಹೊಲಿಗೆ ಹೋಗಿದ್ದವು, ಡಾಕ್ಟರ್ ಮತ್ತೆ ಹಾಕಿದರು, ನನಗೆ ನಾಲ್ಕು ಮಾತು ಅಂದರು. ಮಂಡಕ್ಕಿ ಈಗ ಗಟ್ಟಿಮುಟ್ಟಾಗಿದ್ದಾಳೆ. ಆದರೂ ಆ ಮಧ್ಯಾಹ್ನ ಅವಳ ಕೊರಳಿನ ಪ್ಲಾಸ್ಟಿಕ್ ಪಟ್ಟಿ ಯಾಕೆ ಬಿಚ್ಚಿದೆ ಅಂತ ಕೇಳಿಕೊಂಡಾಗೆಲ್ಲ ಬರುವ ಉತ್ತರ ನನಗೆ ಅಷ್ಟು ಹಿಡಿಸುವುದಿಲ್ಲ.

ಮಂಡಕ್ಕಿ ಅಂದರೆ ನಮ್ಮ ನಾಯಿ. ಒಗ್ಗರಣೆ-ಮಿರ್ಚಿ ಮಾರುವ ಗಾಡಿ ಕೆಳಗೆ ಮಲಗಿದ್ದವಳು. ಬೆಳ್ಳಗಿದ್ದಳು, ಎತ್ತಿಕೊಂಡರೆ ಕೈಗೆ ತೂಕವೇ ಹತ್ತಲಿಲ್ಲ. ಬೇರೆ ಹೆಸರು ಏನಿಡೋದು? ಬೆಳೀತಾ ಬೆಳೀತಾ ಮುಖ ಉದ್ದವಾಯಿತು, ಕಾಲು ಉದ್ದವಾದವು, ಸೊಂಟ ಒಳಕ್ಕೆ ಹೋಯಿತು. ನೋಡಿದವರೆಲ್ಲ "ಇದ್ರಾಗೆ ಮುಧೋಳದ ರಕ್ತ ಐತೆ" ಅನ್ನುತ್ತಾರೆ. ಬಾಲದಿಂದ ಭುಜದವರೆಗೆ ಮಾತ್ರ ಪಕ್ಕಾ ಬಳ್ಳಾರಿ ಬೀದಿಯದ್ದೇ. ತೂಕ 14 ಕೆಜಿ. ಆ ಉದ್ದ ಮೂಗೇ ಮುಂದೆ ನನ್ನ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು.

ಮರಿ ಆಗದ ಹಾಗೆ ಆಪರೇಷನ್ ಮಾಡಿಸಿದ್ದು ಏಪ್ರಿಲ್ ಕೊನೆಯಲ್ಲಿ. ಬಳ್ಳಾರಿಯಲ್ಲಿ ಏಪ್ರಿಲ್ ಕೊನೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಬೇಕಂತ ಆರಿಸಿಕೊಂಡ ತಿಂಗಳೂ ಅಲ್ಲ. ಫೆಬ್ರವರಿಯಲ್ಲಿ ಅವಳು ಬೆದೆಗೆ ಬಂದಿದ್ದಳು. ಆಗ ಗರ್ಭಕೋಶಕ್ಕೆ ರಕ್ತದ ಓಡಾಟ ಜಾಸ್ತಿ ಇರುತ್ತದೆ, ಮುಗಿದು ಎರಡು ತಿಂಗಳಾದರೂ ಹೋಗಲಿ ಅಂದರು ಡಾಕ್ಟರ್. ನಾವು ಕಾದೆವು. ಬಿಸಿಲು ಕಾಯಲಿಲ್ಲ.

ಟಕ್, ಟಕ್

ಮನೆಗೆ ತಂದಾಗ ಇನ್ನೂ ಅರೆಮಂಪರಿನಲ್ಲಿದ್ದಳು. ಹೊಟ್ಟೆಯ ನಡುವೆ ಕೂದಲು ಬೋಳಿಸಿದ ಜಾಗ, ಅಲ್ಲಿ ಎರಡು ಇಂಚಿನ ಗಾಯ, ನೀಲಿ ದಾರದ ಆರು ಹೊಲಿಗೆ. ಕೊರಳ ಸುತ್ತ ಆಚೆ ಕಾಣುವಂಥ ದಪ್ಪ ಪ್ಲಾಸ್ಟಿಕ್ಕಿನ ಕಾಲರ್. ಅಮ್ಮ ಬಾಗಿಲಲ್ಲೇ ನಿಂತು, "ಇದೇನೇ ಇದು, ಸೀಮೆಎಣ್ಣೆ ಹಾಕೋ ಲಾಳಿಕೆ ತಂದು ಕೊರಳಿಗೆ ಹಾಕ್ಯಾರಲ್ಲೇ" ಅಂದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಲಾಳಿಕೆ.

ಡಾಕ್ಟರ್ ಚೀಟಿಯಲ್ಲಿ ಬರೆದಿದ್ದು 'ಇ-ಕಾಲರ್' ಅಂತ. ಮೊಬೈಲಿನಲ್ಲಿ ಅದನ್ನೇ ಹುಡುಕಿದರೆ ಬಂದದ್ದರಲ್ಲಿ ಎಷ್ಟೋ ಕರೆಂಟ್ ಶಾಕ್ ಕೊಡುವ ಪಟ್ಟಿಗಳು. ನಾಯಿಗೆ ಶಿಸ್ತು ಕಲಿಸಲು ಅಂತೆ! ಅವನ್ನೂ ಇ-ಕಾಲರ್ ಅಂತಲೇ ಕರೆಯುತ್ತಾರೆ. ಯಾರಾದರೂ ಅವಸರದಲ್ಲಿ ಆರ್ಡರ್ ಮಾಡಿದರೆ ಗತಿ ಏನು? ನಮಗೆ ಬೇಕಾದ 'ಇ' ಅಂದರೆ ಎಲಿಜಬೆತನ್. ಇಂಗ್ಲೆಂಡಿನ ಮೊದಲನೇ ಎಲಿಜಬೆತ್ ರಾಣಿಯ ಕಾಲದಲ್ಲಿ ಅಲ್ಲಿನ ದೊಡ್ಡ ಮನೆತನದವರು ಕೊರಳ ಸುತ್ತ ತಟ್ಟೆಯ ಹಾಗೆ ನಿಲ್ಲುವ ನೆರಿಗೆ ಬಟ್ಟೆ ಹಾಕುತ್ತಿದ್ದರಲ್ಲ, ಅದರಿಂದ ಬಂದ ಹೆಸರು. ಆ ರಾಣಿ ಆಳಿದ್ದು 1558ರಿಂದ 1603ರವರೆಗೆ. ನಮ್ಮಿಂದ ಸುಮಾರು 60 ಕಿಲೋಮೀಟರ್ ದೂರದ ಹಂಪಿ ಹಾಳಾಗಿದ್ದು 1565ರಲ್ಲಿ. ಅಲ್ಲಿ ಕೊರಳ ಬಟ್ಟೆಗೆ ಗಂಜಿ ಹಾಕುತ್ತಿದ್ದ ಹೊತ್ತಿಗೇ ಇಲ್ಲಿ ಊರಿಗೆ ಊರೇ ಬೆಂಕಿಗೆ ಬಿದ್ದಿತ್ತು ಅಂತ ರಾತ್ರಿ ಎರಡು ಗಂಟೆಗೆ ನಾಯಿ ಕಾಯುತ್ತಾ ಕೂತಾಗ ಹೊಳೆಯಿತು. ನಿದ್ದೆಗೆಟ್ಟವರಿಗೆ ಇಂಥವೇ ಹೊಳೆಯೋದು.

ಮೊದಲ ಮೂರು ದಿನ ಮನೆ ತುಂಬ ಒಂದೇ ಸದ್ದು. ಹೊಸ್ತಿಲಿಗೆ ಟಕ್. ನೀರಿನ ಕೊಡಕ್ಕೆ ಟಕ್. ಗ್ಯಾಸ್ ಸಿಲಿಂಡರಿಗೆ ಟಕ್. ಬಾಗಿಲು ಎಷ್ಟು ಅಗಲ ಅಂತ ಅವಳು ಒಂದು ವರ್ಷ ಓಡಾಡಿ ಕಲಿತಿದ್ದ ಲೆಕ್ಕ ಒಂದೇ ದಿನದಲ್ಲಿ ಸುಳ್ಳಾಗಿತ್ತು. ಪಕ್ಕದಿಂದ ಯಾರು ಬರುತ್ತಾರೆ ಅಂತ ಕಾಣುತ್ತಿರಲಿಲ್ಲ, ಹಾಗಾಗಿ ನಾನು ಹತ್ತಿರ ಹೋದರೂ ಬೆಚ್ಚುತ್ತಿದ್ದಳು. ನೀರಿನ ಬೋಗುಣಿಗೆ ಬಗ್ಗಿದರೆ ಲಾಳಿಕೆಯ ಅಂಚು ಮೊದಲು ನೆಲಕ್ಕೆ ತಾಗುತ್ತಿತ್ತು, ನಾಲಿಗೆ ನೀರು ಮುಟ್ಟುತ್ತಿರಲಿಲ್ಲ. ಕೊನೆಗೆ ಪಾತ್ರೆಯೊಂದನ್ನು ಬೋರಲು ಹಾಕಿ, ಅದರ ಮೇಲೆ ಲಾಳಿಕೆಯೊಳಗೆ ಹಿಡಿಸುವಂಥ ಸಣ್ಣ ಬಟ್ಟಲಿಟ್ಟೆವು. ಆಗ ಕುಡಿದಳು. ಅನ್ನ ಮೊಸರು ಒಳಗೆಲ್ಲ ಮೆತ್ತಿಕೊಳ್ಳುತ್ತಿತ್ತು, ಊಟ ಆದ ಮೇಲೆ ಒರೆಸಬೇಕಿತ್ತು.

ಬಿಸಿಲಿನ ಕಷ್ಟವೇ ಬೇರೆ. ನಾಯಿ ಮೈತುಂಬ ಬೆವರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಆ ಬಿಸಿ ಉಸಿರೆಲ್ಲ ಪ್ಲಾಸ್ಟಿಕ್ಕಿನೊಳಗೇ ಸುತ್ತುತ್ತಿದೆಯೇನೋ ಅನ್ನಿಸುತ್ತಿತ್ತು, ನೋಡಿದರೆ ಒಳಗೆಲ್ಲ ಆವಿ ಕಟ್ಟಿರುತ್ತಿತ್ತು. ಪ್ರತಿ ಬೇಸಿಗೆಯಲ್ಲಿ ಅಮ್ಮ ಅವಳಿಗೆ ಒದ್ದೆ ಗೋಣಿಚೀಲ ಹಾಸುತ್ತಾಳೆ. ಈ ಸಲ ಅದೂ ಇಲ್ಲ, ಗಾಯ ಒದ್ದೆ ಆಗಬಾರದಲ್ಲ. ಕೂಲರ್ ಮುಂದೆ ಮಲಗಿಸಿದೆವು. ಕೂಲರ್ ಓಡಲು ಕರೆಂಟ್ ಬೇಕು.

ನಾಲ್ಕನೇ ದಿನ ಮಧ್ಯಾಹ್ನ ಎರಡಕ್ಕೆ ಕರೆಂಟ್ ಹೋಯಿತು. ಮಂಡಕ್ಕಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಮಲಗುತ್ತಿಲ್ಲ, ಕೂರುತ್ತಿಲ್ಲ, ಕರೆದರೆ ತಿರುಗುತ್ತಿಲ್ಲ. ತಲೆ ತಗ್ಗಿಸಿ ಸುಮ್ನೆ ನಿಂತಿದ್ದಾಳೆ. ಹತ್ತು ನಿಮಿಷ ನೋಡಿದೆ. ಹನ್ನೊಂದನೇ ನಿಮಿಷಕ್ಕೆ ಬಿಚ್ಚಿಬಿಟ್ಟೆ. ಪಕ್ಕದಲ್ಲೇ ಕೂತಿರುತ್ತೇನಲ್ಲ, ನೆಕ್ಕಲು ಹೋದರೆ ತಡೆದರಾಯಿತು ಅಂತ. ಅವಳು ಒಮ್ಮೆ ಮೈ ಕೊಡವಿ, ನನ್ನ ತೊಡೆಗೆ ತಲೆಯಿಟ್ಟು ಮಲಗಿದಳು. ಎಂಥ ನಿದ್ದೆ! ಬೀಸಣಿಗೆ ಬೀಸುತ್ತಾ ಬೀಸುತ್ತಾ ನನಗೂ ಜೊಂಪು ಹತ್ತಿತು. ಎಚ್ಚರ ಆಗಿದ್ದು ಚಪ್ ಚಪ್ ಅನ್ನೋ ಸದ್ದಿಗೆ.

ಡಾಕ್ಟರ್ ಹೇಳಿದ್ದನ್ನು ನಮ್ಮ ಮಾತಲ್ಲಿ ಹೇಳುತ್ತೇನೆ. ನಾಯಿಯ ಜೊಲ್ಲು ಔಷಧಿ ಅನ್ನೋದು ಹಳೇ ನಂಬಿಕೆ. ಅದರ ಬಾಯಲ್ಲಿ ಬೇಕಾದಷ್ಟು ಕ್ರಿಮಿ ಇರುತ್ತವೆ, ನಾಲಿಗೆ ಒರಟು, ಮುಂದಿನ ಸಣ್ಣ ಹಲ್ಲುಗಳು ದಾರ ಕಡಿಯಲು ಹೇಳಿ ಮಾಡಿಸಿದ ಹಾಗಿವೆ. ಗಾಯ ಒಣಗುವಾಗ ತುರಿಸುತ್ತದೆ, ಆಗಂತೂ ಬಿಡುವುದೇ ಇಲ್ಲ. ಚರ್ಮದ ಹೊಲಿಗೆ ಹೋದರೆ ಮತ್ತೆ ಹಾಕಬಹುದು. ಅದರ ಕೆಳಗಿನ ಪದರ ಬಿಟ್ಟುಕೊಂಡರೆ ಕರುಳೇ ಹೊರಗೆ ಬರಬಹುದು. ಜೊತೆಗೆ ನೊಣ. ನಮ್ಮ ಕಡೆ ತೆರೆದ ಗಾಯಕ್ಕೆ ಹುಳ ಬೀಳಲು ಎಷ್ಟು ಹೊತ್ತು?

"ಎಷ್ಟೊತ್ತು ತೆಗೆದಿದ್ರಿ?" ಅಂತ ಕೇಳಿದರು.

"ಅರ್ಧ ಗಂಟೆ ಆಗಿರಬಹುದು ಸಾರ್. ಪಾಪ ಅನ್ನಿಸ್ತು."

"ಪಾಪ ಅನ್ನಿಸಿದ್ದು ಯಾರಿಗೆ?"

ಅವರು ವ್ಯಂಗ್ಯಕ್ಕೇ ಕೇಳಿದ್ದು. ನನಗೆ ಮಾತ್ರ ಅದು ಹಾಗೇ ಉಳಿದುಕೊಂಡಿದೆ. ಗೋಡೆಗೆ ಮುಖ ಮಾಡಿ ನಿಂತಿದ್ದು ಅವಳು. ನೋಡಲಾಗದೆ ಒದ್ದಾಡಿದ್ದು ನಾನು. ಆ ಲಾಳಿಕೆ ಬಿಚ್ಚಿದಾಗ ನಿಜಕ್ಕೂ ಹಗುರಾಗಿದ್ದು ಯಾರಿಗೆ?

ಯಾರದೋ ಪಕ್ಕೆಲುಬು

ಆವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಅಜ್ಜನ ಊರಿನ ರಾಜ ನೆನಪಾದ. ಸಿರುಗುಪ್ಪದ ಕಡೆಯ ಹಳ್ಳಿ. ನಾನು ಆರನೇ ಕ್ಲಾಸೋ ಏಳನೇ ಕ್ಲಾಸೋ ಇರಬೇಕು. ಗದ್ದೆ ಕಾಯುವ ನಾಯಿ ರಾಜನಿಗೆ ಕಿವಿಯ ಹತ್ತಿರ ದೊಡ್ಡ ಗಾಯ ಆಗಿತ್ತು. ಹಿಂಗಾಲಲ್ಲಿ ಕೆರೆದು ಕೆರೆದು ಹುಣ್ಣು ಮಾಡಿಕೊಂಡಿದ್ದ. ದನದ ಆಸ್ಪತ್ರೆಯಿಂದ ವಾಪಸ್ ಬಂದಾಗ ಅವನ ಕೊರಳ ಸುತ್ತ ಕಪ್ಪನೆಯ ಹಾಳೆಯೊಂದನ್ನು ಸುತ್ತಿ, ಅಗಲ ಪ್ಲಾಸ್ಟರ್ ಅಂಟಿಸಿ, ಬ್ಯಾಂಡೇಜ್ ಬಟ್ಟೆಯಿಂದ ಪಟ್ಟಿಗೆ ಕಟ್ಟಿದ್ದರು. ಹಳೇ ಎಕ್ಸ್‌ರೇ ಫಿಲ್ಮು. ಆಗ ಅದೇ ಪದ್ಧತಿ. ಗಟ್ಟಿ ಇರುತ್ತದೆ, ಬಾಗುತ್ತದೆ, ಒರೆಸಿದರೆ ಕ್ಲೀನ್ ಆಗುತ್ತದೆ, ಪುಕ್ಕಟೆ ಸಿಗುತ್ತದೆ. ಈಗ ಎಕ್ಸ್‌ರೇ ಎಲ್ಲ ಕಂಪ್ಯೂಟರಿಗೆ ಬಂದ ಮೇಲೆ ಆ ಹಾಳೆಗಳೇ ಅಪರೂಪ.

ಸಂಜೆ ರಾಜ ಗದ್ದೆಯ ಬದುವಿನ ಮೇಲೆ ನಿಂತಿದ್ದ. ಹಿಂದಿನಿಂದ ಬಿಸಿಲು. ಅವನ ಮುಖದ ಸುತ್ತ ಯಾರದೋ ಪಕ್ಕೆಲುಬು ಹೊಳೆಯುತ್ತಿದ್ದವು. ಹುಡುಗರೆಲ್ಲ ಸುತ್ತ ನಿಂತು ಎಣಿಸಿದೆವು. ಒಂದು ಕಡೆ ಏಳು ಸಿಕ್ಕವು, ಉಳಿದವು ಪ್ಲಾಸ್ಟರಿನ ಕೆಳಗೆ. ಅದು ಯಾವ ಊರಿನವನದೋ, ಕೆಮ್ಮಿಗೆ ತೆಗೆಸಿದ್ದೋ, ಬಿದ್ದು ಪೆಟ್ಟಾಗಿ ತೆಗೆಸಿದ್ದೋ. ಅವನಿಗೆ ಗೊತ್ತೇ ಇಲ್ಲ, ಅವನ ಎದೆ ನಮ್ಮ ರಾಜನ ಕಿವಿ ಕಾಯುತ್ತಿದೆ ಅಂತ. ನಾನು ಅಜ್ಜನಿಗೆ "ಪಾಪ ಅಲ್ವಾ ಅಜ್ಜ, ತೆಗೀರಿ" ಅಂದೆ. ಅಜ್ಜ ಎತ್ತುಗಳ ಕಡೆ ಕೈ ತೋರಿಸಿ, "ಅವಕ್ಕೆ ಬಾಯಿಕುಕ್ಕೆ ಹಾಕ್ತೀವಿ, ಅದಕ್ಕೇನ್ ಪಾಪ ಅಂತೀಯಾ?" ಅಂದ. ಬೆಳೆ ಸಾಲಿನ ನಡುವೆ ಹೋಗುವಾಗ ಎತ್ತಿನ ಬಾಯಿಗೆ ಕುಕ್ಕೆ, ಹಾಲು ಬಿಡಿಸಬೇಕಾದ ಕರುವಿನ ಮೂತಿಗೆ ಮುಳ್ಳು, ಬೇಲಿ ನುಗ್ಗುವ ದನದ ಕೊರಳಿಗೆ ಕಟ್ಟಿಗೆ ತುಂಡು. ಅಜ್ಜನಿಗೆ ಲಾಳಿಕೆ ಅದೇ ಸಾಲಿನಲ್ಲಿ ಇನ್ನೊಂದು. ಒಂದು ಮಾತ್ರ ಬೇರೆ. ಎತ್ತಿನ ಕುಕ್ಕೆ ಅಜ್ಜನ ಬೆಳೆಗೋಸ್ಕರ. ರಾಜನ ಫಿಲ್ಮು ರಾಜನಿಗೋಸ್ಕರ. ಎತ್ತಿಗಾಗಲೀ ರಾಜನಿಗಾಗಲೀ ಇದನ್ನು ಹೇಳಿ ತಿಳಿಸುವ ಭಾಷೆ ಅಜ್ಜನಿಗೂ ಇರಲಿಲ್ಲ.

ಅಳತೆ ಅಂದರೆ ಕೊರಳಷ್ಟೇ ಅಲ್ಲ

ಎರಡನೇ ಸಲ ಹೊಲಿಗೆ ಹಾಕಿದ ಡಾಕ್ಟರ್, "ಈ ಸೈಜೂ ಇವಳಿಗೆ ಸಾಲದು" ಅಂದರು. ಅಂಗಡಿಯಲ್ಲಿ ಲಾಳಿಕೆ ಕೊಡೋದು ಕೊರಳಿನ ಸುತ್ತಳತೆ ನೋಡಿ. ಮಂಡಕ್ಕಿ ಕೊರಳು ಸಣ್ಣದು, ಹಾಗಾಗಿ ಸಣ್ಣ ಲಾಳಿಕೆ ಸಿಕ್ಕಿತ್ತು. ಮೂಗು ಮಾತ್ರ ಅಂಚಿನವರೆಗೂ ಬಂದುಬಿಟ್ಟಿತ್ತು. ಲಾಳಿಕೆಯ ಅಂಚು ಮೂಗಿನ ತುದಿಗಿಂತ ಎರಡು ಮೂರು ಸೆಂಟಿಮೀಟರ್ ಮುಂದಿರಬೇಕು. ಇಲ್ಲದಿದ್ದರೆ ನಾಲಿಗೆ ಚಾಚಿದರೆ ಮುಗೀತು. ಕೊರಳಿನ ಹತ್ತಿರ ಎರಡು ಬೆರಳು ತೂರುವಷ್ಟು ಸಡಿಲ ಇರಬೇಕು, ಅದಕ್ಕಿಂತ ಜಾಸ್ತಿ ಬೇಡ. ಮುಧೋಳದಂಥ ಮುಖದವರಿಗೆ ಇಲ್ಲೊಂದು ಫಜೀತಿ. ಅವರ ತಲೆ ಕೊರಳಿಗಿಂತ ಅಷ್ಟೇನೂ ದೊಡ್ಡದಲ್ಲ, ಹಿಂದಕ್ಕೆ ಎಳೆದುಕೊಂಡರೆ ಪಟ್ಟಿ ಜಾರಿ ಕಿವಿ ದಾಟುತ್ತದೆ. ಅದಕ್ಕೆ ಒಂದು ಸೈಜ್ ದೊಡ್ಡದು ತಗೊಂಡು, ಕೊರಳಿನ ಕಡೆ ಬಿಗಿ ಮಾಡಿ, ಲಾಳಿಕೆಯ ತೂತುಗಳಲ್ಲಿ ಬ್ಯಾಂಡೇಜ್ ಬಟ್ಟೆ ಪೋಣಿಸಿ, ಮುಂಗಾಲಿನ ಹಿಂದೆ ಎದೆ ಸುತ್ತಿ ಕಟ್ಟಿಕೊಟ್ಟರು. ಜನಿವಾರದ ಹಾಗೆ ಕಾಣುತ್ತಿತ್ತು.

ಆದರೂ ನನಗೆ ಸಮಾಧಾನ ಇಲ್ಲ. ದೊಡ್ಡ ಲಾಳಿಕೆ ಅಂದರೆ ದೊಡ್ಡ ಟಕ್. ಬೇರೆ ದಾರಿ ಹುಡುಕಿದೆ. ಗಾಳಿ ತುಂಬುವ, ವಡೆ ಆಕಾರದ ಕೊರಳ ದಿಂಬು ಒಂದು ಬರುತ್ತದೆ. ಚಿತ್ರದಲ್ಲಿ ಒಂದು ದುಂಡು ಮುಖದ ನಾಯಿ ಅದರ ಮೇಲೆ ಕೆನ್ನೆಯಿಟ್ಟು ಮಲಗಿತ್ತು. ನೋಡಿದ ಕೂಡಲೇ ಆರ್ಡರ್ ಮಾಡಿದೆ. ಬಂತು. ಕಟ್ಟಿ, ಈ ಸಲ ಕಣ್ಣು ಮಿಟುಕಿಸದೆ ನೋಡುತ್ತಾ ಕೂತೆ. ಒಂದು ನಿಮಿಷವೂ ಆಗಿರಲಿಲ್ಲ. ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಹಿಂಗಾಲು ಎತ್ತಿ, ಮೂಗನ್ನು ಸೀದಾ ಹೊಟ್ಟೆಗೆ ಒಯ್ದಳು. ಮೂತಿ ಗಿಡ್ಡ, ಮೈ ದಪ್ಪ ಇರುವ ನಾಯಿಗೆ, ಅದೂ ಎದೆಯ ಮೇಲೋ ಬೆನ್ನ ಮೇಲೋ ಗಾಯ ಇದ್ದರೆ ಆ ದಿಂಬು ಸಾಕಾಗಬಹುದು. ಕಾಲಿಗೆ, ಬಾಲಕ್ಕೆ, ಕೆಳಹೊಟ್ಟೆಗೆ ಅದು ಅಡ್ಡ ಬರುವುದಿಲ್ಲ. ಕಿವಿ ಕಣ್ಣಿನ ಗಾಯಕ್ಕಂತೂ ಕೇಳಲೇಬೇಡಿ, ಕಾಲಿಂದ ಕೆರೆದುಕೊಳ್ಳೋದನ್ನು ದಿಂಬು ಹೇಗೆ ತಡೆಯುತ್ತೆ? ನಾನು ಅದನ್ನು ಆರಿಸಿದ್ದು ಆ ಚಿತ್ರದ ನಾಯಿಯ ಮುಖ ನೋಡಿ. ಮಂಡಕ್ಕಿಯ ಮುಖ ನೋಡಿ ಅಲ್ಲ.

ಅಮ್ಮ ನಡುವೆ ಒಂದು ಒಳ್ಳೇ ಪ್ರಶ್ನೆ ಕೇಳಿದಳು. "ಬೀದಿ ನಾಯಿಗಳಿಗೂ ಆಪರೇಷನ್ ಮಾಡಿ, ಗುರುತಿಗೆ ಕಿವಿ ಸ್ವಲ್ಪ ಕತ್ತರಿಸಿ ಬಿಡ್ತಾರಲ್ಲ. ಅವಕ್ಕೆ ಯಾರು ಲಾಳಿಕೆ ಹಾಕ್ತಾರೆ?" ಡಾಕ್ಟರಿಗೇ ಕೇಳಿದೆ. ಅಲ್ಲಿ ಗಾಯ ಆದಷ್ಟು ಸಣ್ಣದು ಮಾಡಿ, ತಾನೇ ಕರಗುವ ದಾರದಲ್ಲಿ ಹೊಲಿಗೆಯನ್ನು ಚರ್ಮದ ಒಳಗೇ ಮುಚ್ಚುತ್ತಾರೆ, ಕಡಿಯಲು ದಾರದ ತುದಿಯೇ ಸಿಗುವುದಿಲ್ಲ, ಬಿಡುವ ಮುಂಚೆ ಕೆಲವು ದಿನ ಗೂಡಿನಲ್ಲಿಟ್ಟು ನೋಡುತ್ತಾರೆ ಅಂದರು. ಹಾಗಾದರೆ ಇವಳಿಗೂ ಹಾಗೇ ಹಾಕಬಹುದಿತ್ತಲ್ಲ ಅಂತ ನಾಲಿಗೆ ತುದಿಗೆ ಬಂದಿತ್ತು. ಹೊಲಿಗೆ ಬಿಚ್ಚಿಸಿಕೊಂಡು ಬಂದವರು ಹಾಗೆಲ್ಲ ಕೇಳುವ ಹಾಗಿರುವುದಿಲ್ಲ.

ಅಂಬ್ರೆಲಾ ಕಟಿಂಗ್

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ನಮ್ಮ ಹಿಂದಿನ ಬೀದಿಯಲ್ಲೇ ಒಬ್ಬರು ಕಟಿಂಗ್ ಮಾಸ್ಟರ್ ಇದ್ದಾರೆ. ಜೀನ್ಸ್ ಯೂನಿಟ್ಟಿನ ಕೆಲಸ ಮುಗಿಸಿ ಸಂಜೆ ಮನೆಯಲ್ಲಿ ಮಕ್ಕಳ ಬಟ್ಟೆ ಹೊಲಿಯುತ್ತಾರೆ. ಹೋಗಿ ಹೀಗೊಂದು ಹೊಲಿದುಕೊಡಬೇಕು ಅಂದೆ.

"ಅಳತೆ ಹೇಳ್ರಿ ಮೇಡಂ. ಸೊಂಟ?"

"ಸೊಂಟ ಅಲ್ಲ, ಕೊರಳು. 34 ಸೆಂಟಿಮೀಟರ್."

"ಯಾರ್ದು?"

"ನಾಯೀದು."

ಕತ್ತರಿ ಕೆಳಗಿಟ್ಟರು. ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. ಪ್ಲಾಸ್ಟಿಕ್ ಲಾಳಿಕೆಯ ಫೋಟೋವನ್ನು ದೊಡ್ಡದು ಮಾಡಿ ಎರಡು ಮೂರು ಸಲ ನೋಡಿದರು. "ಇದು ಅಂಬ್ರೆಲಾ ಕಟಿಂಗ್ ಅಲ್ವಾ. ಹುಡುಗೀರ ಫ್ರಾಕಿಗೆ ಪೂರ್ತಿ ಸುತ್ತು ಕೊಡ್ತೀವಿ, ಇದಕ್ಕೆ ಅರ್ಧ ಸುತ್ತು ಸಾಕು. ಪೂರ್ತಿ ಕೊಟ್ರೆ ತಟ್ಟೆ ಆಗೋಗುತ್ತೆ" ಅಂದರು. ಪೇಪರ್ ಹಾಸಿ, ದಾರಕ್ಕೆ ಪೆನ್ಸಿಲ್ ಕಟ್ಟಿ ಎರಡು ಅರ್ಧವೃತ್ತ ಎಳೆದರು, ಒಳಗಿನದು ಕೊರಳಿಗೆ, ಹೊರಗಿನದು ಅಂಚಿಗೆ. ಮೂಗಿನ ಉದ್ದ ಎಷ್ಟು ಅಂತ ಅವರೇ ಕೇಳಿದರು! ನಾನು ಹೇಳುವ ಮೊದಲೇ. "ಬೆಲ್ಟ್ ಐತಾ ಅದಕ್ಕೆ? ಹಂಗಾದ್ರೆ ಲೂಪ್ ಕೊಡ್ತೀನಿ." ಪ್ಯಾಂಟಿನ ಸೊಂಟಕ್ಕೆ ಹಾಕುವ ಅದೇ ಲೂಪು, ಐದು. ನಾಯಿಯ ಪಟ್ಟಿ ಅದರೊಳಗೆ ತೂರಿ ಬರಬೇಕು. ಕಂಪನಿಯ ಲಾಳಿಕೆಯಲ್ಲೂ ವ್ಯವಸ್ಥೆ ಇದೇ.

ಬಟ್ಟೆಗೆ ಇನ್ನೂ ವಾಶ್ ಆಗದ ಡೆನಿಮ್, ಅಂದರೆ ಜೀನ್ಸ್ ಬಟ್ಟೆಯ ತುಂಡು ಆರಿಸಿದರು. ನೇಯುವ ಮುಂಚೆ ನೂಲಿಗೆ ಗಂಜಿ ಹಾಕಿರುತ್ತಾರೆ, ವಾಶಿಂಗ್ ಯೂನಿಟ್ಟಿನಲ್ಲಿ ಅದನ್ನು ತೆಗೆದ ಮೇಲೇ ಜೀನ್ಸ್ ಮೆತ್ತಗಾಗೋದು. ಒಳಗೆ ಬಟ್ಟೆ ಬಿರುಸಾಗಿ ನಿಲ್ಲಲು ಬಕ್ರಂ ಎರಡು ಪದರ. ಅಂಚಿಗೆ ಕಿತ್ತಳೆ ದಾರದ ಜೋಡಿ ಹೊಲಿಗೆ. ಗಂಜಿ ಹಾಕಿ ನಿಲ್ಲಿಸಿದ ಕೊರಳ ಬಟ್ಟೆ ಅಂದರೆ ರಾಣಿ ಎಲಿಜಬೆತಳದ್ದು ಅದೇ ತಾನೇ? ಮಂಡಕ್ಕಿ ಹಾಕಿಕೊಂಡಾಗ ಅಮ್ಮ ಫೋಟೋ ತೆಗೆದು ಎಲ್ಲ ನೆಂಟರಿಗೂ ಕಳಿಸಿದಳು. ಟಕ್ ಸದ್ದಿಲ್ಲ. ನನಗಂತೂ ಯುದ್ಧ ಗೆದ್ದಷ್ಟು ಖುಷಿ.

ಖುಷಿ ಸಂಜೆಯವರೆಗೆ. ನೀರು ಕುಡಿದು ಕುಡಿದು ಅಂಚು ನೆನೆಯಿತು, ಗಂಜಿ ಬಿಟ್ಟುಕೊಂಡಿತು, ಒಂದು ಕಡೆ ಬಾಳೆ ಎಲೆಯ ಹಾಗೆ ಬಾಗಿತು. ಅವಳು ಆ ಬಾಗಿದ ಕಡೆಯನ್ನು ಗೋಡೆಗೆ ಒತ್ತಿ, ಮಡಚಿ, ಹೊಟ್ಟೆ ಕಡೆ ದಾರಿ ಮಾಡಿಕೊಳ್ಳುತ್ತಿದ್ದಳು. ಮೇಲಿಂದ ಭಾರ, ಸೆಕೆ. ಮರುದಿನ ಬೆಳಿಗ್ಗೆ ಮಾಸ್ಟರ್ ಹತ್ತಿರ ತಗೊಂಡು ಹೋದೆ. ತಿರುವಿ ಮುರುವಿ ನೋಡಿ, "ಗಾಯ ಹೊಟ್ಟೆ ಮೇಲೆ ತಾನೆ?" ಅಂದರು. "ಹೂಂ." "ಮತ್ತೆ ಮುಖಕ್ಕೆ ಯಾಕೆ ಕಟ್ತೀರಿ ಮೇಡಂ? ಹೊಟ್ಟೆ ಮುಚ್ಚಿ."

ಇಂಥ ಅಂಗಿಗಳು ಅಂಗಡಿಯಲ್ಲೂ ಸಿಗುತ್ತವೆ ಅಂತ ನನಗೆ ಆಮೇಲೆ ಗೊತ್ತಾಯಿತು. ಮಾಸ್ಟರ್ ನನ್ನ ಹಳೇ ಟೀಶರ್ಟುಗಳಲ್ಲೇ ಮೂರು ಹೊಲಿದರು. ನಾಲ್ಕು ಕಾಲಿಗೆ ನಾಲ್ಕು ತೂತು, ಬಾಲಕ್ಕೆ ಸೀಳು, ಬೆನ್ನ ಮೇಲೆ ಟಿಚ್ ಬಟನ್. ಮೂರು ಯಾಕೆಂದರೆ ಉಚ್ಚೆ ತಾಗಿ ಒದ್ದೆಯಾದರೆ ಕೂಡಲೇ ಬದಲಿಸಬೇಕು, ಹಸಿ ಬಟ್ಟೆ ಗಾಯಕ್ಕೆ ಅಂಟಿ ಕೂತರೆ ಲಾಳಿಕೆ ಇಲ್ಲದ್ದಕ್ಕಿಂತ ಕಡೆ. ಹೊರಗೆ ಕರೆದೊಯ್ಯುವ ಮುಂಚೆ ಹಿಂದಿನ ಬಟನ್ ತೆಗೆದು ಸೊಂಟದ ಮೇಲಕ್ಕೆ ಮಡಚುತ್ತಿದ್ದೆ. ಬಟ್ಟೆ ಮೇಲಿಂದಲೂ ನೆಕ್ಕಲು ಹೋಗುತ್ತಾಳೆ, ಹಾಗಾಗಿ ಎದುರಿಗೆ ಯಾರಾದರೂ ಎಚ್ಚರ ಇರುವಾಗ ಮಾತ್ರ ಅಂಗಿ. ರಾತ್ರಿ ಮಲಗುವಾಗ, ಮನೆಯಲ್ಲಿ ಯಾರೂ ಇಲ್ಲದಾಗ, ಜೊಂಪು ಬರುವ ಮಧ್ಯಾಹ್ನಗಳಲ್ಲಿ ಅದೇ ಟಕ್ ಟಕ್ ಲಾಳಿಕೆ. ಅಷ್ಟೆಲ್ಲ ಸುತ್ತಾಡಿ ಕೊನೆಗೆ ಬಂದದ್ದು ಅಲ್ಲಿಗೇ.

ಒಂದು ಮಾತ್ರ ಈಗ ಅನ್ನಿಸುತ್ತದೆ. ಲಾಳಿಕೆಯನ್ನು ಆಪರೇಷನ್ನಿಗೆ ವಾರ ಮುಂಚೆಯೇ ತರಬಹುದಿತ್ತು. ದಿನಾ ಐದು ನಿಮಿಷ ಹಾಕಿ, ಒಳಗೊಂದು ಬಿಸ್ಕತ್ತಿಟ್ಟು, ಬಾಗಿಲು ದಾಟಿಸಿ ಅಭ್ಯಾಸ ಮಾಡಿಸಬಹುದಿತ್ತು. ನೋವು, ಮಂಪರು, ಲಾಳಿಕೆ ಮೂರೂ ಒಂದೇ ದಿನ ಅವಳ ಮೇಲೆ ಬೀಳುತ್ತಿರಲಿಲ್ಲ. ಆಪರೇಷನ್ನಿಗೆ ದಿನ ಗೊತ್ತು ಮಾಡಿದ್ದವಳು ನಾನು. ಅವಳಿಗೆ ಏನು ಗೊತ್ತಿತ್ತು?

ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನಕ್ಕೆ ಹೊಲಿಗೆ ತೆಗೆಯುತ್ತಾರೆ. ನಮ್ಮದು ನಡುವೆ ಎಡವಟ್ಟಾಗಿದ್ದರಿಂದ ಹದಿನೇಳನೇ ದಿನ. ಮನೆಗೆ ಬಂದು, ಡಾಕ್ಟರಿಗೆ ಫೋನ್ ಮಾಡಿ ಇನ್ನೊಮ್ಮೆ ಕೇಳಿಕೊಂಡು, ಲಾಳಿಕೆ ಬಿಚ್ಚಿದೆ. ಮಂಡಕ್ಕಿ ಮೈ ಕೊಡವಿದಳು. ಅಡುಗೆಮನೆ ಬಾಗಿಲ ಹತ್ತಿರ ನಿಂತು, ಇನ್ನೂ ಲಾಳಿಕೆ ಇದೆ ಅನ್ನುವ ಹಾಗೆ ದೊಡ್ಡ ಸುತ್ತು ಹಾಕಿ ಒಳಗೆ ಹೋದಳು. ಅಮ್ಮ ಹಾಸಿದ್ದ ಒದ್ದೆ ಗೋಣಿಚೀಲದ ಮೇಲೆ ಉರುಳಿದಳು. ಆಮೇಲೆ ಹಿಂಗಾಲು ಎತ್ತಿ ಹೊಟ್ಟೆ ನೆಕ್ಕಲು ಶುರು ಮಾಡಿದಳು. ನೆಕ್ಕಿದಳು, ನೆಕ್ಕಿದಳು. ನಾನು ಎರಡು ಸಲ ಎದ್ದು ಎರಡು ಸಲ ಕೂತೆ.

"ಸಾಕ್ ಬಿಡೇ" ಅಂದಳು ಅಮ್ಮ. ನಾಯಿಗೆ ಹೇಳಿದಳೋ ನನಗೆ ಹೇಳಿದಳೋ ಗೊತ್ತಾಗಲಿಲ್ಲ.